ಸಂತೆಯ ಸೊಪ್ಪು ಉಪ್ಪುನೀರಿನಲ್ಲಿ ಶುದ್ಧವಾಗುತ್ತದೆಯೇ?

ಪ್ರಶ್ನೆ: ಮಡಿಕೇರಿಯ ಶುಕ್ರವಾರದ ಸಂತೆಯಿಂದ ಕೊತ್ತಂಬರಿ, ಪುದಿನ, ಸೌತೆಕಾಯಿ ತರುತ್ತೇವೆ. ಇವುಗಳ ಮೇಲೆ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತವೆಂದು ಓದಿದೆ. ಉಪ್ಪುನೀರಿನಲ್ಲಿ ನೆನೆಸಿದರೆ ಸಾಯುತ್ತವೆಯೇ? ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವ ಅತ್ತೆಯವರಿದ್ದಾರೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇರುವ ಸಾಧ್ಯತೆ ಖಂಡಿತ ಇದೆ. ಸರಿಯಾಗಿ ಕಳಿಯದ ಕೋಳಿಗೊಬ್ಬರ, ಚರಂಡಿ ಸೇರಿದ ತೋಡಿನ ನೀರು, ಸೊಪ್ಪು ಬಾಡದಿರಲೆಂದು ದಿನವಿಡೀ ಒಂದೇ ಬಕೆಟ್ಟಿನಿಂದ ಚಿಮುಕಿಸುವ ನೀರು, ಇವುಗಳಲ್ಲಿ ಯಾವುದರಿಂದಲೂ ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥವು ಎಲೆಗೆ ಅಂಟಬಹುದು. ಇದಕ್ಕೆ ವ್ಯಾಪಾರಿಯನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ಕೋಳಿ ಸಾಕಣೆಯಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಮನಬಂದಂತೆ ಬಳಸಿದ್ದರ ಫಲವೂ ಇದರಲ್ಲಿದೆ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರಲ್ಲಷ್ಟೇ.

ಇಂಥ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದ ತಕ್ಷಣ ಕಾಯಿಲೆ ತರಲೇಬೇಕೆಂದಿಲ್ಲ. ಅವು ಸದ್ದಿಲ್ಲದೆ ಕರುಳಿನಲ್ಲಿ ನೆಲೆಸಿ, ಪ್ರತಿರೋಧದ ಗುಣವನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಅಲ್ಲಿನ ಇತರ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಮುಂದೆಂದೋ ಮೂತ್ರನಾಳದ ಸೋಂಕಾದಾಗ ಸಾಮಾನ್ಯ ಔಷಧ ನಾಟದೆ ಹೋಗುವುದಕ್ಕೆ ಇದೂ ಒಂದು ಕಾರಣ. ಆದರೆ ಔಷಧಕ್ಕೆ ಬಗ್ಗದ ಇವು ಬೆಂಕಿಗೆ ಬಗ್ಗುತ್ತವೆ. ಕುದಿ ಬರಿಸಿದ ಕೆಂಬು ಸೊಪ್ಪಿನ ಸಾರಿನಲ್ಲಿ, ಚೆನ್ನಾಗಿ ಬೆಂದ ಕಣಿಲೆ ಪಲ್ಯದಲ್ಲಿ ಇವು ಉಳಿದವುಗಳಂತೆಯೇ ಸಾಯುತ್ತವೆ. ಚಿಂತೆ ಮಾಡಬೇಕಾದದ್ದು ಹಸಿಯಾಗಿ ತಿನ್ನುವುದರ ಬಗ್ಗೆ ಮಾತ್ರ.

ಉಪ್ಪುನೀರು ಹುಳ, ಮಣ್ಣು ಬಿಡಿಸಲು ನೆರವಾಗಬಹುದು, ಬ್ಯಾಕ್ಟೀರಿಯಾ ಕೊಲ್ಲಲು ಅದನ್ನು ನಂಬುವಂತಿಲ್ಲ. ಕೊತ್ತಂಬರಿ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೆಸರು ಕೂತಿರುವ ಬುಡದ ದಂಟುಗಳನ್ನು ಬಿಡಿಸಿ, ಹರಿಯುವ ಕುಡಿಯುವ ನೀರಿನಲ್ಲಿ ತೊಳೆಯಿರಿ. ಸೌತೆಕಾಯಿಯನ್ನು ಸಿಪ್ಪೆ ತೆಗೆಯುವ ಮೊದಲೇ ಉಜ್ಜಿ ತೊಳೆಯಬೇಕು. ಇಲ್ಲವಾದರೆ ಸಿಪ್ಪೆಯ ಮೇಲಿದ್ದದ್ದನ್ನು ಚಾಕುವೇ ತಿರುಳಿಗೆ ಒಯ್ಯುತ್ತದೆ. ಸೋಪು ಬೇಡ. ಹಂದಿಮಾಂಸ ಕತ್ತರಿಸಿದ ಮಣೆಯ ಮೇಲೆ ಸೊಪ್ಪು ಹೆಚ್ಚುವುದಂತೂ ಬೇಡವೇ ಬೇಡ.

ತೊಳೆಯುವುದರಿಂದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಚಿಕಿತ್ಸೆ ಮುಗಿಯುವವರೆಗೆ ಅತ್ತೆಯವರಿಗೆ ಹಸಿ ಸೊಪ್ಪು ಕೊಡದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪುದಿನ ಚಟ್ನಿ ಬೇಕೆಂದರೆ ಸೊಪ್ಪನ್ನು ಚೆನ್ನಾಗಿ ಬಾಡಿಸಿ, ಶುಚಿಯಾದ ಜಾರಿನಲ್ಲಿ ರುಬ್ಬಿ, ಆಗಲೇ ಬಡಿಸಿ. ಅವರಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ, ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆ ಕೊಡದೆ, ರಾತ್ರಿಯಾಗಿದ್ದರೂ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೂಡಲೇ ಸಂಪರ್ಕಿಸಿ.