ಲಿವರ್ ಆಕ್ಷನ್ ಟೇಕ್‌ಡೌನ್ ತಗೋಬೇಕಾ ಅಂತ ಕೇಳಿದ್ರಲ್ಲ

ಗುರುಗಳೇ, ಮಂಡ್ಯದಿಂದ ಹೋಗಿ ಅಮೆರಿಕದ ಮೊಂಟಾನಾದಲ್ಲಿದೀನಿ ಅಂದಿದೀರ, ಜಿಂಕೆ ಬೇಟೆಗೆ ಲಿವರ್ ಆಕ್ಷನ್ ರೈಫಲ್‌ನಲ್ಲಿ (ಟ್ರಿಗರ್ ಹತ್ರದ ಲಿವರ್ ಆಡಿಸಿ ಮುಂದಿನ ಗುಂಡು ತುಂಬೋದು) ಟೇಕ್‌ಡೌನ್, ಅಂದ್ರೆ ಸಾಗಿಸೋಕೆ ಎರಡು ಭಾಗ ಮಾಡಬಹುದಾದ್ದು ತಗೊಳ್ಳೋದಾ ಮಾಮೂಲಿದಾ ಅಂತ ಕೇಳಿದೀರ, ಇಲ್ಲಿ ನಮ್ಮೂರಲ್ಲಾದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ಆ ಮಾತೇ ಇಲ್ಲ ಬಿಡಿ. ಮೊದ್ಲು ಸ್ಕೋಪ್ (ಗುರಿ ನೋಡೋ ದುರ್ಬೀನು) ಎಲ್ಲಿ ಕೂರಿಸ್ತೀರಾ ಯೋಚ್ನೆ ಮಾಡಿ. ಬ್ರೌನಿಂಗ್ ಕಂಪನಿಯ ಬಿಎಲ್‌ಆರ್ ಟೇಕ್‌ಡೌನ್ ರೈಫಲ್ ರಿಸೀವರ್ (ಗುಂಡು ತುಂಬಿ ಹಾರಿಸೋ ಯಂತ್ರ ಇರೋ ನಡುಭಾಗ) ಮುಂದೆ ಎರಡು ಭಾಗ ಆಗುತ್ತೆ, ಸ್ಕೋಪ್ ರಿಸೀವರ್ ಮೇಲಿದ್ರೆ ಬಿಚ್ಚಿ ಜೋಡಿಸಿದಾಗ ಗುರಿ ಸ್ವಲ್ಪ ಆಚೀಚೆ ಆಗಬಹುದು, ಬೇಟೆಗೆ ಮುಂಚೆ ಒಂದೆರಡು ಗುಂಡು ಹೊಡೆದು ನೋಡ್ಲೇಬೇಕು, ಬ್ಯಾರಲ್ (ನಳಿಗೆ) ಮೇಲೇ ಕೂರಿಸಿದ್ರೆ ಆ ತಲೆನೋವು ಕಮ್ಮಿ. ಬಿಎಲ್‌ಆರ್‌ದು ಬಾಕ್ಸ್ ಮ್ಯಾಗಜೀನ್ (ಗುಂಡುಗಳು ಒಂದರ ಮೇಲೊಂದು ಕೂರೋ ಪೆಟ್ಟಿಗೆ), ಚೂಪು ಮೂತಿ ಗುಂಡೂ ನಡೆಯುತ್ತೆ. ಮಾರ್ಲಿನ್ 336 ರೈಫಲ್ ಥರ ಗುಂಡುಗಳು ಒಂದರ ಹಿಂದೊಂದು ಕೂರೋ ಟ್ಯೂಬ್ ಇದ್ರೆ ಒಂದರ ಮೂತಿ ಮುಂದಿನದ್ರ ಪ್ರೈಮರ್‌ಗೆ (ಗುಂಡಿನ ಹಿಂಬದಿಯ ಕಿಡಿ ಹೊತ್ತಿಸೋ ಭಾಗ) ತಾಗ್ಕೊಂಡಿರುತ್ತೆ, ಮೂತಿ ಚೂಪಿದ್ರೆ ಒಳಗೇ ಸಿಡಿಯಬಹುದು, ಅದಕ್ಕೆ ಚಪ್ಪಟೆ ಮೂತಿದು, ಇಲ್ಲಾ ಟ್ಯೂಬ್‌ಗೆ ಅಂತಾನೇ ಮಾಡಿರೋ ಮೆತ್ತನೆ ತುದಿದು ಮಾತ್ರ ಹಾಕಿ, ಇದ್ರಲ್ಲಿ ಉದಾಸೀನ ಬೇಡ. ಕಾರಲ್ಲೇ ಹೋಗಿ ಮರಗಳ ಮಧ್ಯೆ ಹತ್ತಿರದಿಂದ ಹೊಡೆಯೋದಾದ್ರೆ ಮಾಮೂಲಿ .30-30 ಗುಂಡಿನ ರೈಫಲ್ ಸಾಕು, ಟೇಕ್‌ಡೌನ್‌ಗೆ ಜಾಸ್ತಿ ದುಡ್ಡು ಸುರೀಬೇಡಿ.