ಸಂಪಾದಕರ ಉತ್ತರ: ಡಿಯೋರ್ ಲಂಗಕ್ಕೆ ಉಡುಪಿ ಸೀರೆ

ಓದುಗರ ಪತ್ರದ ಸಾರ: ನಾನು ಉಡುಪಿಯವಳು, ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. ಮುಂಬೈಯ ಹೋಟೆಲಿನಲ್ಲಿದ್ದ ಅಣ್ಣ ಊರಿಗೆ ಬರುವಾಗ ರದ್ದಿ ಅಂಗಡಿಯಿಂದ ಹಳೆಯ ವಿದೇಶಿ ಪತ್ರಿಕೆಗಳನ್ನು ತರುತ್ತಿದ್ದ. ಅವುಗಳಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್‌ನ ಉಡುಪುಗಳನ್ನು ಕಂಡು ಮರುಳಾದೆ. ಚಿತ್ರಗಳನ್ನು ಅಂಟಿಸಿದ ಪುಸ್ತಕ ಈಗಲೂ ಇದೆ. ಆ ಕಾಲದ ಅಂದ ಇಂದಿನ ಬಟ್ಟೆಯಲ್ಲಿಲ್ಲ. ‘ಪರದೇಶದ ಶ್ರೀಮಂತರ ಬಟ್ಟೆಗೆ ನಿಮಗೇಕೆ ವಿರಹ?’ ಎಂದು ಸೊಸೆ ನಗುತ್ತಾಳೆ. ಜನವರಿಯಲ್ಲಿ ಮಂಗಳೂರಿನಲ್ಲಿ ಅಣ್ಣನ ಮೊಮ್ಮಗಳ ಮದುವೆ. ಅಮ್ಮನ ಉಡುಪಿ ಸೀರೆಯಿಂದ ಡಿಯೋರ್‌ನ ‘ಬಾರ್’ ಸೂಟಿನಂಥ ಲಂಗ ಹೊಲಿಸಿ ಆರತಕ್ಷತೆಗೆ ತೊಡಬೇಕೆಂದಿದ್ದೇನೆ. ಇದು ಹುಚ್ಚೇ?

ಮಾನ್ಯರೇ,

ಹುಚ್ಚೇ ಎಂದು ಕೇಳಿದ್ದೀರಿ. ಹೌದು, ಆದರೆ ಊರಿಗೆ ಉಪದ್ರವಿಲ್ಲದ್ದು.

ಮೊದಲು ನಿಮ್ಮ ಸೊಸೆಯ ಮಾತನ್ನು ಎತ್ತಿಕೊಳ್ಳುತ್ತೇನೆ. ಅವರು ಸುಮ್ಮನೆ ನಗುತ್ತಿಲ್ಲ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಅವೆನ್ಯೂ ಮೊಂತೇನ್‌ನಲ್ಲಿ ಡಿಯೋರ್ ತನ್ನ ಮೊದಲ ಸಂಗ್ರಹವನ್ನು ತೋರಿಸಿದಾಗ ಯುರೋಪು ಯುದ್ಧದ ಹೊಡೆತದಿಂದ ಇನ್ನೂ ಎದ್ದಿರಲಿಲ್ಲ. ಬ್ರಿಟನ್ನಿನಲ್ಲಿ ಕೂಪನ್ ಕೊಟ್ಟೇ ಬಟ್ಟೆ ಕೊಳ್ಳಬೇಕಿತ್ತು. ಆ ಪಡಿತರ ಮುಗಿದದ್ದು 1949ರಲ್ಲಿ. ಅಂಥ ಹೊತ್ತಿನಲ್ಲಿ ಈತ ಒಂದೊಂದು ಲಂಗಕ್ಕೆ ಗಜಗಟ್ಟಲೆ ಬಟ್ಟೆ ಸುರಿದ. ಅವನಿಗೆ ಬಂಡವಾಳ ಹಾಕಿದ ಮಾರ್ಸೆಲ್ ಬೂಸಾಕ್ ಬಟ್ಟೆ ಗಿರಣಿಗಳ ಒಡೆಯ ಎಂಬುದು ತಿಳಿದ ಮೇಲೆ ಈ ಧಾರಾಳತನದ ಗುಟ್ಟು ಸ್ವಲ್ಪ ಬಿಡುತ್ತದೆ. ಅದೇ ವರ್ಷ ಡಿಯೋರ್ ಶಿಕಾಗೋಕ್ಕೆ ಹೋದಾಗ ಮಹಿಳೆಯರು ಫಲಕ ಹಿಡಿದು ಪ್ರತಿಭಟಿಸಿದರು. ಆ ಮೊದಲ ಸಂಗ್ರಹವನ್ನು ‘ನ್ಯೂ ಲುಕ್’ (ಹೊಸ ನೋಟ) ಎಂದು ಹೊಗಳಿದವರು ಪತ್ರಿಕಾ ಸಂಪಾದಕಿ ಕಾರ್ಮೆಲ್ ಸ್ನೋ. (ಸಂಪಾದಕರು ಅವಸರದಲ್ಲಿ ಆಡಿದ ಮಾತು ಎಷ್ಟು ವರ್ಷ ಬಾಳುತ್ತದೆ ನೋಡಿ.)

ಆ ಕಾಲ ಪರಿಶುದ್ಧವಾಗಿತ್ತು, ಈಗ ಬರೀ ಹೆಸರಿನ ವ್ಯಾಪಾರ ಎಂದು ನೀವು ಬರೆದದ್ದನ್ನೂ ನಾನು ಒಪ್ಪಲಾರೆ. ಡಿಯೋರ್ ಅದೇ 1947ರಲ್ಲಿ ಸುಗಂಧದ್ರವ್ಯ ಮಾರಿದ. ಕೆಲವೇ ವರ್ಷಗಳಲ್ಲಿ ಕಾಲುಚೀಲಗಳ ಮೇಲೂ ಅವನ ಹೆಸರು ಬಂತು. ಹೆಸರು ಮಾರುವ ವಿದ್ಯೆಯನ್ನು ಇಂದಿನವರು ಅವನಿಂದಲೇ ಕಲಿತರು.

ಹಾಗಾದರೆ ನೀವು ಇಷ್ಟು ವರ್ಷ ಪ್ರೀತಿಸಿದ್ದು ಏನನ್ನು? ನಿಮ್ಮ ಪುಸ್ತಕದ ಬಾರ್ ಸೂಟನ್ನು ಇನ್ನೊಮ್ಮೆ ತೆರೆದು ನೋಡಿ. ಕೆನೆಬಣ್ಣದ ಶಾಂಟುಂಗ್ ರೇಷ್ಮೆಯ ಕೋಟು, ಕೆಳಗೆ ಕಪ್ಪು ಉಣ್ಣೆಯ ನೆರಿಗೆ ಲಂಗ. ಆ ಹುಡುಗಿಯ ಸೊಂಟ ಅಷ್ಟು ಸಣ್ಣಗೆ ಕಾಣುವುದು ಸೊಂಟ ಸಣ್ಣಗಿರುವುದರಿಂದ ಮಾತ್ರವಲ್ಲ. ಕೋಟಿನ ಕೆಳಭಾಗಕ್ಕೆ ಒಳಗಿಂದ ಮೆತ್ತೆ ಕೊಟ್ಟು ಉಬ್ಬಿಸಿದ್ದಾರೆ. ಉಬ್ಬಿದ್ದರ ಪಕ್ಕದಲ್ಲಿ ಉಳಿದದ್ದು ಕಿರಿದಾಗಿ ಕಾಣಲೇಬೇಕಲ್ಲ. ಡಿಯೋರ್‌ನ ಎಷ್ಟೋ ಉಡುಪುಗಳೊಳಗೆ ಕಡ್ಡಿ ಹಾಕಿ ಬಿಗಿದ ಒಳಕವಚ, ಅಸ್ತರು, ನೆಟ್ಟಿನ ಪದರಗಳು ಇರುತ್ತಿದ್ದವು. ಹೊರಗೆ ಕಾಣುವುದು ಹೂವು, ಒಳಗಿರುವುದು ಮನೆ ಕಟ್ಟುವ ಮೇಸ್ತ್ರಿಯ ಕೆಲಸ. ಒಳಗಿನ ಆ ಬಿಗಿತವನ್ನು ಸಹಿಸಿದ್ದು ಮಾತ್ರ ತೊಟ್ಟ ಹೆಂಗಸಿನ ಪಕ್ಕೆಲುಬು. 1954ರಲ್ಲಿ ಪ್ಯಾರಿಸ್ಸಿನ ಇನ್ನೊಬ್ಬ ವಿನ್ಯಾಸಕಿ ಕೊಕೊ ಶನೆಲ್ ಮತ್ತೆ ಅಂಗಡಿ ತೆರೆದು ಸಡಿಲವಾದ ಕೋಟುಗಳನ್ನು ತಂದದ್ದು ಇದರ ಮೇಲಿನ ಸಿಟ್ಟಿನಿಂದಲೇ. ಆಕೆಯ ಕೋಟಿನ ಅಸ್ತರಿನ ಅಂಚಿಗೆ ಒಂದು ಸಣ್ಣ ಸರಪಳಿ ಹೊಲಿದಿರುತ್ತಿತ್ತು. ಆ ಭಾರಕ್ಕೆ ಕೋಟು ಮೇಲೇಳದೆ ನೇರವಾಗಿ ನಿಲ್ಲುತ್ತಿತ್ತು.

ಮೈಯ ಅಳತೆ ತೆಗೆದು, ಅದರ ಕೊರತೆಯನ್ನು ಲೆಕ್ಕಕ್ಕೆ ಹಿಡಿದು ಹೊಲಿಯುವ ಈ ಶ್ರದ್ಧೆಗೆ ನೀವು ಮರುಳಾಗಿದ್ದೀರಿ ಎಂದು ನನ್ನ ಅಂದಾಜು. ಅದು ಪ್ಯಾರಿಸ್ಸಿನ ಆಸ್ತಿಯೇನಲ್ಲ. ಡಿಯೋರ್‌ನ ಅಸಲಿ ಉಡುಪು ತೊಟ್ಟವರು ಕೆಲವೇ ಮಂದಿ. ಲೋಕದ ಉಳಿದ ಹೆಂಗಸರು ಕಾಗದದ ಮಾದರಿ ನೋಡಿ ಮನೆಯಲ್ಲೇ ಹೊಲಿದುಕೊಂಡರು, ಇಲ್ಲವೇ ಟೈಲರಿಗೆ ಚಿತ್ರ ತೋರಿಸಿದರು. ನಮ್ಮ ಉಡುಪಿ ರಥಬೀದಿಯ, ಮಂಗಳೂರು ಹಂಪನಕಟ್ಟೆಯ ಟೈಲರುಗಳೂ ಅದನ್ನೇ ಮಾಡಿದವರು. ಅವರ ಬಳಿ ಪುಸ್ತಕದಲ್ಲಿ ನಿಮ್ಮ ಅಳತೆ ಇರುತ್ತಿತ್ತು. ಮಕ್ಕಳಾದ ಮೇಲೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಲೆಂದು ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತಿದ್ದರು. ಈಗಿನ ಸಿದ್ಧ ಉಡುಪನ್ನು ಒಳಮಗ್ಗುಲು ಮಾಡಿ ನೋಡಿ: ಓವರ್‌ಲಾಕ್ ಮಾಡಿ ಅಂಚಿಗೇ ಕತ್ತರಿಸಿರುತ್ತಾರೆ. ಬಿಚ್ಚಲು ಅಲ್ಲಿ ಏನೂ ಇಲ್ಲ. ನೀವು ಆ ಕಾಲ ಹೋಯಿತೆಂದು ಹಲುಬುವುದಾದರೆ ಈ ಒಂದಂಗುಲ ಬಟ್ಟೆಗಾಗಿ ಹಲುಬಿ, ನಾನೂ ಜೊತೆಗಿದ್ದೇನೆ.

‘ಪರದೇಶ’ದ ಮಾತಿಗೂ ಒಂದು ಉತ್ತರವಿದೆ. 19ನೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ನಡೆಸಿತು. ಖಾಕಿ ಬಣ್ಣದ ಹುಟ್ಟನ್ನು ಅಲ್ಲಿನ ಜಾನ್ ಹಾಲರ್‌ನ ಹೆಸರಿಗೆ ಜೋಡಿಸಿ ಹೇಳುವುದು ಇಂದಿಗೂ ಈ ಊರಿನ ಹೆಮ್ಮೆ. ಮದುಮಗಳ ಬಿಳಿ ಗೌನು ನೋಡಲು ಪ್ಯಾರಿಸ್ಸಿಗೇ ಹೋಗಬೇಕೆಂದಿಲ್ಲ, ಕ್ರಿಸ್‌ಮಸ್ ಕಳೆದ ಮೇಲೆ ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಮುಂದೆ ನಿಂತರೆ ಸಾಕು. ಅದೇ ಮದುಮಗಳು ಮುಂದೆ ಕೆಂಪು ‘ಸಾಡೊ’ ಸೀರೆ ಉಟ್ಟು ಕೂರುತ್ತಾಳೆ. ಯಾವುದು ಸ್ವದೇಶ, ಯಾವುದು ಪರದೇಶ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಲಂಗ. ಅಮ್ಮನ ಸೀರೆಗೆ ಕತ್ತರಿ ಹಾಕಬೇಡಿ. ಭಾವನೆಗಾಗಿ ಹೇಳುತ್ತಿಲ್ಲ. ಅಷ್ಟು ಹಳೆಯ ಹತ್ತಿ ಮಡಿಕೆಯ ಗೆರೆಗಳಲ್ಲಿ ಜೀರ್ಣವಾಗಿರುತ್ತದೆ, ಸೊಂಟಪಟ್ಟಿಯ ಎಳೆತಕ್ಕೆ ಮೊದಲ ದಿನವೇ ಪಿಸಿಯುತ್ತದೆ. ಹೊಸದನ್ನು ಕೊಳ್ಳಿ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಇನ್ನೂ ಮಗ್ಗದ ಸದ್ದಿದೆ. ಹಾಸಿಗೊಂದು, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದದ್ದು ಸಿಕ್ಕರೆ ಅದನ್ನೇ ಆರಿಸಿ. ನಡೆಯುವಾಗ ನೆರಿಗೆಯೊಳಗೆ ಬಣ್ಣ ತಿರುಗುತ್ತದೆ.

ಟೈಲರು ‘ಅಂಬ್ರೆಲಾ ಕಟ್’ ಎಂದರೆ ಒಪ್ಪಬೇಡಿ. ವೃತ್ತಾಕಾರವಾಗಿ ಕತ್ತರಿಸಿದರೆ ಸೀರೆಯ ಅಂಚು ಕೈಬಿಟ್ಟುಹೋಗುತ್ತದೆ, ಏಕೆಂದರೆ ನೇರವಾಗಿ ನೇಯ್ದ ಅಂಚು ಬಳುಕಿ ಸುತ್ತುವುದಿಲ್ಲ. ಸೀರೆಯನ್ನು ಉದ್ದಕ್ಕೇ ಹಿಡಿದು, ಅಂಚನ್ನು ಲಂಗದ ಬುಡಕ್ಕೆ ಇಟ್ಟು, ಮೇಲೆ ಆಳವಾದ ನೆರಿಗೆ ಹಿಡಿಸಿ. ಬಾರ್ ಸೂಟಿನದೂ ನೆರಿಗೆ ಲಂಗವೇ ಆದ್ದರಿಂದ ಡಿಯೋರ್‌ಗೂ ಅನ್ಯಾಯವಾಗದು. 5.5 ಮೀಟರಿನಲ್ಲಿ ಸೆರಗನ್ನು ತೆಗೆದಿಟ್ಟರೂ ಬಟ್ಟೆ ಧಾರಾಳ. ಆದರೆ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಮ್ಮೆ ಹೊಲಿಸಿ ತೊಟ್ಟು ನೋಡಿ. ಪ್ಯಾರಿಸ್ಸಿನ ದೊಡ್ಡ ಮನೆಗಳಲ್ಲೂ ಹಾಗೆಯೇ, ಬಿಳಿ ಹತ್ತಿಯ ನಮೂನೆ ಒಪ್ಪಿಗೆಯಾಗದೆ ರೇಷ್ಮೆಯನ್ನು ಮುಟ್ಟುವುದಿಲ್ಲ. ಒಳಗೆ ನೈಲಾನ್ ನೆಟ್ ಬೇಡ, ಮಂಗಳೂರಿನ ಸೆಕೆ ಜನವರಿಯಲ್ಲೂ ಪೂರ್ತಿ ರಜೆ ಹಾಕುವುದಿಲ್ಲ. ಸುರುಕು ಹಿಡಿದ ಹತ್ತಿಯ ಒಳಲಂಗ ಎರಡು ಸಾಕು. ಉಬ್ಬು ನಿಲ್ಲಬೇಕಾದರೆ ತೆಳ್ಳಗೆ ಗಂಜಿ ಹಾಕಿ. ಮದುವೆ ಮುಗಿದ ಮೇಲೆ ಗಂಜಿ ಹೋಗುವಂತೆ ಒಗೆದೇ ಎತ್ತಿಡಿ, ಇಲ್ಲವಾದರೆ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ.

ಅಸಲಿ ಲಂಗ ಕಪ್ಪು, ನಿಮ್ಮದೂ ಕಪ್ಪೇ ಇರಬೇಕೆಂಬ ಆಸೆ ಪತ್ರದ ಕೊನೆಯ ಸಾಲಿನಲ್ಲಿ ಇಣುಕಿದೆ. ಮದುವೆಮನೆಗೆ ಕಪ್ಪು ಉಟ್ಟು ಬರುವ ಅತ್ತೆಯ ಪರವಾಗಿ ವಾದಿಸುವ ಧೈರ್ಯ ಈ ಪತ್ರಿಕೆಗಿಲ್ಲ. ಅದನ್ನು ನಿಮ್ಮ ಅಣ್ಣನ ಹತ್ತಿರವೇ ಮಾತಾಡಿಕೊಳ್ಳಿ. ಆ ಪತ್ರಿಕೆಗಳನ್ನು ತಂದುಕೊಟ್ಟವರು ಅವರೇ ತಾನೆ.