ಅತ್ತೆಯೂ ಓದುವ ಉತ್ತರ

ಮುಂಬಯಿಯ ಭಾಂಡುಪ್‌ನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ನನಗೆ 47. ಫೋರ್ಟ್‌ನಲ್ಲಿ ಒಂದು ಖಾಸಗಿ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಕೆಲಸ. ಇತ್ತೀಚೆಗೆ ಸ್ಟೇಷನ್ ಬ್ರಿಡ್ಜ್ ಹತ್ತಿದರೆ ಏದುಸಿರು. ಕೂದಲು ಕೈಗೆ ಬರುತ್ತದೆ. ಮುಟ್ಟು ಹೊತ್ತುಗೊತ್ತಿಲ್ಲದೆ ಬರುತ್ತದೆ, ಬಂದರೆ ವಾರವಾದರೂ ನಿಲ್ಲುವುದಿಲ್ಲ. ಹತ್ತಿರದ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಕಾಫಿ ಜೊತೆ ನುಂಗಿ ಓಡುತ್ತೇನೆ. ಅತ್ತೆಗೆ 73, ಬಿ.ಪಿ. ಇದೆ. ಹೋದ ತಿಂಗಳು ರಾತ್ರಿ ಬಾತ್‌ರೂಮಿನಲ್ಲಿ ಜಾರಿದ್ದಾರೆ. ಯಾರಿಗೂ ಹೇಳಲಿಲ್ಲ. ಮೊಣಕೈ ನೀಲಿಗಟ್ಟಿದ್ದನ್ನು ಆಮೇಲೆ ನಾನೇ ನೋಡಿದೆ. ಅವರನ್ನು ನೋಡಿಕೊಳ್ಳಲು ಕೆಲಸ ಬಿಡಲೇ? ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ. ಆದರೆ ಪತ್ರಿಕೆ ಮನೆಗೆ ಬಂದರೆ ಮೊದಲು ಬಿಡಿಸುವವರು ಅತ್ತೆ, ಜಾಹೀರಾತು ಕೂಡ ಬಿಡದೆ ಓದುತ್ತಾರೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ನೀವು ಸಂಜೆ ಮನೆ ಸೇರುವ ಮೊದಲೇ ಇದು ಅವರ ಕಣ್ಣಿಗೆ ಬಿದ್ದಿರುತ್ತದೆ. ಆ ಮೊಣಕೈ ಯಾರದ್ದು ಅಂತ ಅವರಿಗೆ ತಿಳಿಯದೆ ಇರುತ್ತದೆಯೇ? ಅದಕ್ಕೇ ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಕೆಲಸ ಬಿಡುವ ಮಾತು ಆಮೇಲೆ. ಮೊದಲು ನಿಮ್ಮ ರಕ್ತದ ವಿಷಯ.

ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೀರಿ. 47 ಅಂಥ ವಯಸ್ಸೇನಲ್ಲ. ಮಾತ್ರೆ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಆಗಿತ್ತೇ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಇದು ಇದೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಮ್ಮ ಎದುರು ಕೂತು ಮೆಂತ್ಯ ಸೊಪ್ಪು ಬಿಡಿಸುವವರಿಗೂ ಇರಬಹುದು. ಥೈರಾಯ್ಡ್ ಮತ್ತು ಸಕ್ಕರೆಯನ್ನೂ ಜೊತೆಗೇ ನೋಡಿಸಿ. ಸುಸ್ತಿಗೂ ಕೂದಲು ಉದುರುವುದಕ್ಕೂ ಥೈರಾಯ್ಡ್ ಕೂಡ ಕಾರಣ ಇರಬಹುದು.

ಇನ್ನು ಆ ಕಾಫಿ. ನಮ್ಮ ಕಡೆಯವರಿಗೆ ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಮಾತುಂಗಾದ ಅಂಗಡಿಯಲ್ಲಿ ಪುಡಿ ಬೀಸಿಸಿ ತರುವವರು ನಾವು. ಆದರೆ ಕಾಫಿ, ಚಹಾ ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಕಾಫಿಗೂ ಮಾತ್ರೆಗೂ ನಡುವೆ ಒಂದೆರಡು ಗಂಟೆ ಅಂತರ ಇರಲಿ, ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಅದೇ ಹೊತ್ತಿಗೆ ತೆಗೆದುಕೊಳ್ಳಬೇಡಿ.

ಮಾತ್ರೆಯಿಂದ ರಕ್ತ ತುಂಬಬಹುದು, ಆದರೆ ಹೋಗುತ್ತಲೇ ಇದ್ದರೆ? ಮುಟ್ಟು ನಿಲ್ಲುವ ಕಾಲಕ್ಕೆ ಹೀಗೆಲ್ಲ ಆಗುತ್ತದೆ ಅಂತ ಡಬ್ಬಿಯ ಗೆಳತಿಯರು ಹೇಳಿರುತ್ತಾರೆ. ಏರುಪೇರು ಆಗುವುದು ನಿಜ. ಆದರೆ ವಾರವಾದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. ಗಡ್ಡೆ ಇರಬಹುದು, ಬೇರೆ ಏನೋ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಹೋದಾಗ ಗರ್ಭಕೋಶದ ಬಾಯಿಯನ್ನೂ ನೋಡಿ ಅಂತ ಕೇಳಿ. ಇದಕ್ಕೆ ನಮ್ಮ ಮುಂಬಯಿಯದ್ದೇ ಒಂದು ಕಥೆ ಇದೆ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಇಲ್ಲಿನ ಕೊಳೆಗೇರಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಒಟ್ಟು ಸುಮಾರು ಒಂದೂವರೆ ಲಕ್ಷ ಹೆಂಗಸರು. ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಸಾಮಾನು ವಿನೆಗರ್‌ನಂಥ ದ್ರಾವಣ, ಹತ್ತಿ ಮತ್ತು ದೀಪ, ಅಷ್ಟೇ. ಸವರಿದ ಜಾಗ ಬೆಳ್ಳಗಾದರೆ ಮುಂದಿನ ತಪಾಸಣೆಗೆ ಕಳಿಸುತ್ತಿದ್ದರು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು. ಅದೇ ಹೆಂಗಸರಿಗೆ ಕೈಯಿಂದಲೇ ಸ್ತನ ಪರೀಕ್ಷೆಯನ್ನೂ ಮಾಡಿದ್ದರು. ಇಷ್ಟು ಸುಲಭದ ಪರೀಕ್ಷೆಯನ್ನು ಈ ಊರಿನಲ್ಲೇ ಇದ್ದು ನಾವು ಮಾಡಿಸಿಕೊಳ್ಳುವುದಿಲ್ಲ. ನಾಚಿಕೆ, ಪುರುಸೊತ್ತಿಲ್ಲ, "ನನಗೇನಾಗಿದೆ" ಅನ್ನುವ ಮಾತು.

ಆಫೀಸು ಮುಟ್ಟುವವರೆಗೆ ನೀರು ಕುಡಿಯುವುದಿಲ್ಲ ಅಂತ ಒಂದು ಸಾಲು ಬರೆದಿದ್ದೀರಿ. ಯಾಕೆ ಅಂತ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ, ಸ್ಟೇಷನ್ನಿನದ್ದಕ್ಕೆ ಹೋಗುವ ಮನಸ್ಸಾಗುವುದಿಲ್ಲ. ಇದೇ ಊರಿನ ಹೆಂಗಸರು 2011ರಲ್ಲಿ 'ರೈಟ್ ಟು ಪೀ', ಅಂದರೆ ಮೂತ್ರ ಮಾಡುವ ಹಕ್ಕು, ಅಂತ ಚಳವಳಿಯನ್ನೇ ಮಾಡಬೇಕಾಯಿತು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಇದ್ದರೆ ಉರಿಮೂತ್ರ ಕಟ್ಟಿಟ್ಟ ಬುತ್ತಿ. ಎದ್ದ ಕೂಡಲೇ ಕುಡಿದರೆ ಹೊರಡುವ ಮೊದಲು ಮನೆಯಲ್ಲೇ ಮುಗಿಯುತ್ತದೆ.

ಇನ್ನು ಅಮ್ಮಾ, ನಿಮ್ಮ ಹತ್ತಿರ ಮಾತು.

"ಪಾಪ, ಅವಳಿಗೆ ರಜೆ ಸಿಗುವುದಿಲ್ಲ, ಯಾಕೆ ಹೇಳಬೇಕು" ಅಂತ ಸುಮ್ಮನಿದ್ದಿರಿ, ಅಲ್ವಾ? ಬಿದ್ದದ್ದನ್ನು ಮುಚ್ಚಿಟ್ಟರೆ ಯಾಕೆ ಬಿದ್ದಿರಿ ಅಂತ ಯಾರಿಗೂ ತಿಳಿಯುವುದಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದು ನಿಂತರೆ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರಬಹುದು. ರಾತ್ರಿ ಎದ್ದಾಗ ಮಂಚದ ತುದಿಯಲ್ಲಿ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ಡಾಕ್ಟರ ಹತ್ತಿರ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ನೋಡಿಸಿ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಅದರಲ್ಲಿ ಇದ್ದರೆ ಬೆಳಗ್ಗೆ ತೆಗೆದುಕೊಳ್ಳಬಹುದೇ ಅಂತ ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಣ್ಣಿನ ಪೊರೆ ತೋರಿಸಿ ಎಷ್ಟು ಕಾಲವಾಯಿತು? ಬಾತ್‌ರೂಮಿನ ಚಿಲಕ ಒಳಗಿನಿಂದ ಹಾಕಬೇಡಿ. ಬಿದ್ದರೆ ಬಾಗಿಲು ಒಡೆಯಲು ಕಾರ್ಪೆಂಟರ್ ಬರಬೇಕಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತಾ ಬರುತ್ತದೆ, ಈ ಸಲ ನೀಲಿಗಟ್ಟಿದ್ದು ಮುಂದಿನ ಸಲ ಸೊಂಟದ ಮೂಳೆ ಆಗಬಹುದು.

ಖರ್ಚಿನ ಚಿಂತೆಯೂ ನಿಮಗೆ ಇದ್ದೇ ಇರುತ್ತದೆ. 70 ದಾಟಿದ ಯಾರಿಗೇ ಆದರೂ ಆದಾಯ ಕೇಳದೆ ಆಯುಷ್ಮಾನ್ ಕಾರ್ಡ್ ಕೊಡುವ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆಧಾರ್ ಕಾರ್ಡ್ ಸಾಕು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದರೆ ಮನೆಯ 70 ದಾಟಿದವರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಪುಕ್ಕಟೆ. ಸುಮ್ನೆ ತೋರಿಸಿಕೊಂಡು ಬರುವ ಫೀಸು ಇದರಲ್ಲಿ ಬರುವುದಿಲ್ಲ. ಅದಕ್ಕೆ ಮಹಾನಗರಪಾಲಿಕೆಯ 'ಆಪ್ಲಾ ದವಾಖಾನಾ' ಇದೆ, ಪುಕ್ಕಟೆ. ಇನ್ನು ಹಗಲಿಡೀ ಒಬ್ಬರೇ ಇದ್ದು ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರಕಾರದ್ದೇ. ಕನ್ನಡದಲ್ಲಿಯೂ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಕೆಲಸ ಬಿಡುವ ಮಾತು. ಯಜಮಾನರು ಸಹಾಯ ಮಾಡುತ್ತಾರೆ, ಹಾಲು ತರುತ್ತಾರೆ ಅಂತ ಬರೆದಿದ್ದೀರಿ. ಕಾಲೇಜಿಗೆ ಹೋಗುವ ಮಗನ ವಿಷಯಕ್ಕೆ ಅಷ್ಟೂ ಇಲ್ಲ. 2019ರಲ್ಲಿ ಕೇಂದ್ರ ಸರಕಾರ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ದೇಶವಿಡೀ ಲೆಕ್ಕ ಹಾಕಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ಅದರಲ್ಲೂ ಮಾಡುವ ಗಂಡಸರೇ ನೂರಕ್ಕೆ 26. ಚರ್ಚ್‌ಗೇಟಿನಿಂದ ಬೋರಿವಲಿಗೆ 1992ರಲ್ಲೇ ಲೇಡೀಸ್ ಸ್ಪೆಷಲ್ ರೈಲು ಓಡಿತು, ಮನೆಯೊಳಗಿನ ಟೈಂಟೇಬಲ್ ಮಾತ್ರ ಹಾಗೇ ಇದೆ. ನಿಮ್ಮ ಮನೆಯಲ್ಲಿ ದುಡಿಯಬಲ್ಲವರು ಮೂವರು. ಅತ್ತೆಗೆ ಜನ ಬೇಕು ಅಂದಾಗ ಕೆಲಸ ಬಿಡುವ ಯೋಚನೆ ಬಂದದ್ದು ಒಬ್ಬರಿಗೇ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಬಾತ್‌ರೂಮಿಗೆ ಹಿಡಿಕೆ ಹಾಕಿಸುವುದು ಮಗನಿಗೂ ಯಜಮಾನರಿಗೂ ಬರುತ್ತದೆ. ಅವರಿಗೆ ಹೇಳಿ. ಸಹಾಯ ಮಾಡಿ ಅಂತ ಕೇಳಬೇಡಿ, ಇದು ನಿಮ್ಮ ಪಾಲಿನ ಕೆಲಸ ಅಂತಲೇ ಹೇಳಿ.

ಕೈಯಲ್ಲಿ ಸ್ವಂತ ದುಡ್ಡಿಲ್ಲದ್ದೂ ಅತ್ತೆ ಬಾಯಿ ಬಿಡದಿರಲು ಒಂದು ಕಾರಣ ಅಂತ ನನ್ನ ಅನಿಸಿಕೆ. ಆ ಸ್ಥಿತಿಗೆ ನೀವೂ ಹೋಗಬೇಡಿ. ಆಫೀಸಿನಲ್ಲಿ ಪಿ.ಎಫ್. ಜೊತೆ ಪಿಂಚಣಿಗೂ ಹಣ ಹೋಗುತ್ತಿದ್ದರೆ, 58ರ ಮೇಲೆ ತಿಂಗಳ ಪಿಂಚಣಿ ಸಿಗಲು ಹತ್ತು ವರ್ಷದ ಸರ್ವಿಸ್ ಬೇಕು. ನಿಮ್ಮದು ಒಂಬತ್ತಾಗಿದೆ. ಇನ್ನೊಂದು ವರ್ಷ ತಳ್ಳಿ. ಆಮೇಲೂ ಬಿಡಬೇಕು ಅನ್ನಿಸಿದರೆ ಮತ್ತೆ ಬರೆಯಿರಿ, ಹಿಮೋಗ್ಲೋಬಿನ್ ಎಷ್ಟಾಗಿದೆ ಅಂತಲೂ ಅದರಲ್ಲಿ ಬರೆಯಿರಿ.

— ಸಂಪಾದಕ